‘ಆರ್‌ಎಲ್’ ಕಟ್: ಎರಡು ಅಕ್ಷರಗಳಿಗಾಗಿ ಕೊಂಡ ಎಲ್‌ಪಿ

ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಎರಡನೆಯ ಆಲ್ಬಮ್ 1969ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಅಟ್ಲಾಂಟಿಕ್ ಸಂಸ್ಥೆಯಿಂದ, ಎಸ್‌ಡಿ 8236 ಎಂಬ ಸಂಖ್ಯೆಯಲ್ಲಿ ಹೊರಬಂತು. ಅಂದಿನಿಂದ ಅದು ಎಷ್ಟು ಸಲ ಅಚ್ಚಾಗಿದೆಯೆಂದರೆ, ನಾನಿರುವ ನ್ಯೂಜೆರ್ಸಿಯಲ್ಲಿ ಹಳೆಯ ಎಲ್‌ಪಿ ಮಾರುವ ಯಾವ ಅಂಗಡಿಗೆ ಹೋದರೂ ಇಪ್ಪತ್ತು ಮೂವತ್ತು ಡಾಲರಿಗೆ ಒಂದು ಪ್ರತಿ ಕೈಗೆ ಬರುತ್ತದೆ. ಆದರೆ ಅದೇ ಹೊದಿಕೆ, ಅದೇ ಕೆಂಪು ಹಸಿರು ಲೇಬಲ್, ಅದೇ ಸಂಖ್ಯೆ ಇರುವ ಕೆಲವೇ ಪ್ರತಿಗಳಿಗೆ ನೂರಾರು ಡಾಲರ್ ಬೆಲೆ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಬೆರಳಗಲದ ನುಣುಪು ಪಟ್ಟಿಯಲ್ಲಿ, ಸೂಜಿಯಿಂದ ಗೀಚಿದಂತೆ ಕಾಣುವ ‘ಆರ್‌ಎಲ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳೇ ಈ ವ್ಯತ್ಯಾಸಕ್ಕೆ ಕಾರಣ. ಸಂಗ್ರಾಹಕರು ಡೆಡ್ ವ್ಯಾಕ್ಸ್ ಎಂದು ಕರೆಯುವ ಆ ಪಟ್ಟಿಯನ್ನು ಓದಲು ಕಲಿತು, ಒಮ್ಮೆ ಮೋಸಹೋಗಿ, ಕೊನೆಗೂ ಸರಿಯಾದ ಪ್ರತಿಯನ್ನು ಕೊಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಆರ್‌ಎಲ್ ಎಂದರೆ ರಾಬರ್ಟ್ ಲುಡ್‌ವಿಗ್. ಮುಂದೆ ಬಾಬ್ ಲುಡ್‌ವಿಗ್ ಎಂದೇ ಪ್ರಸಿದ್ಧರಾಗಿ, ಮೇನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಗೇಟ್‌ವೇ ಮಾಸ್ಟರಿಂಗ್ ಎಂಬ ಸ್ವಂತ ಸ್ಟುಡಿಯೋ ನಡೆಸಿ, 2023ರಲ್ಲಿ ನಿವೃತ್ತರಾದ ಈ ಎಂಜಿನಿಯರ್ ಆಗಿನ್ನೂ ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನಲ್ಲಿ ಕೆಲಸಕ್ಕಿದ್ದ, ಇಪ್ಪತ್ತೈದು ತುಂಬದ ಯುವಕ. ಧ್ವನಿ ಎಂಜಿನಿಯರ್ ಎಡ್ಡಿ ಕ್ರೇಮರ್ ಮತ್ತು ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಸೇರಿ ಮಿಕ್ಸ್ ಮಾಡಿದ ಟೇಪು ಅವರ ಮುಂದೆ ಬಂದಾಗ ಅವರು ಮಾಡಬೇಕಾಗಿದ್ದ ಕೆಲಸ, ಟೇಪನ್ನು ನುಡಿಸುತ್ತ ಅದರ ಧ್ವನಿಯನ್ನು ಅಲ್ಯೂಮಿನಿಯಂ ತಟ್ಟೆಯ ಮೇಲಿನ ಮೆತ್ತನೆಯ ಲ್ಯಾಕರ್ ಪದರದಲ್ಲಿ ಲೇತ್ ಯಂತ್ರದಿಂದ ಗೆರೆಯಾಗಿ ಕೊರೆಯುವುದು; ಇದನ್ನೇ ಕಟ್ ಮಾಡುವುದು ಎನ್ನುತ್ತಾರೆ. ಹೇಳುವುದಕ್ಕೆ ಇದು ಸುಲಭ. ಬಾಸ್ ಹೆಚ್ಚಿದಷ್ಟೂ ಗೆರೆ ಅಗಲವಾಗಿ ಓಲಾಡುತ್ತದೆ, ಓಲಾಡಿದಷ್ಟೂ ಪಕ್ಕದ ಗೆರೆಗೆ ತಗಲದಂತೆ ಜಾಗ ಬಿಡಬೇಕಾಗುತ್ತದೆ, ಜಾಗ ಬಿಟ್ಟಷ್ಟೂ ಒಂದು ಬದಿಗೆ ಹಿಡಿಸುವ ನಿಮಿಷಗಳು ಕಡಿಮೆಯಾಗುತ್ತವೆ. ಇಷ್ಟೆಲ್ಲ ಹೊಂದಿಸಿದ ಮೇಲೂ ಮನೆಯ ಸಾಧಾರಣ ಪ್ಲೇಯರಿನ ಮುಳ್ಳು ಆ ಗೆರೆಯನ್ನು ಹಿಂಬಾಲಿಸೀತೇ ಎಂಬ ಅಳುಕು ಇದ್ದೇ ಇರುತ್ತದೆ. ಬಹುಪಾಲು ಎಂಜಿನಿಯರುಗಳು ಆ ಅಳುಕಿಗೆ ಮಣಿದು ಧ್ವನಿಯ ಮಟ್ಟವನ್ನು ಒಂದಿಷ್ಟು ಇಳಿಸುತ್ತಾರೆ. ಲುಡ್‌ವಿಗ್ ಇಳಿಸಲಿಲ್ಲ. ಕೊರೆದು ಮುಗಿಸಿ, ಆ ಬದಿಯನ್ನು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆಯ ಪಕ್ಕದಲ್ಲಿ ತಮ್ಮ ಎರಡು ಅಕ್ಷರಗಳನ್ನು ಕೈಯಾರೆ ಗೀಚಿದರು. ಲ್ಯಾಕರಿಗೆ ಬೆಳ್ಳಿಯ ಲೇಪ ಕೊಟ್ಟು, ಅದರ ಮೇಲೆ ನಿಕ್ಕಲ್ ಬೆಳೆಸಿ, ಅದರಿಂದ ಮದರ್ ಎಂಬ ಲೋಹದ ಪ್ರತಿ, ಮದರಿನಿಂದ ಸ್ಟ್ಯಾಂಪರ್ ಎಂಬ ಒತ್ತುವ ಅಚ್ಚು ತೆಗೆದು ವಿನೈಲ್ ಒತ್ತುವಾಗ ಹಾಡಿನ ಗೆರೆಯ ಜೊತೆಗೆ ಆ ಗೀಚೂ ಅಚ್ಚಾಗುತ್ತದೆ.

ಈ ಕಟ್ ಮಾರುಕಟ್ಟೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಅಟ್ಲಾಂಟಿಕ್ ಮುಖ್ಯಸ್ಥ ಅಹ್ಮೆತ್ ಎರ್ಟೆಗನ್ ಒಂದು ಪ್ರತಿಯನ್ನು ಮಗಳಿಗೆ ಕೊಟ್ಟರೆಂದೂ, ಅವಳ ಅಗ್ಗದ ಪ್ಲೇಯರಿನಲ್ಲಿ ಮುಳ್ಳು ಗೆರೆ ಬಿಟ್ಟು ನೆಗೆಯಿತೆಂದೂ, ಅದಕ್ಕಾಗಿಯೇ ಧ್ವನಿ ತಗ್ಗಿಸಿ ಮತ್ತೆ ಕಟ್ ಮಾಡಿಸಲಾಯಿತೆಂದೂ ಲುಡ್‌ವಿಗ್ ಅವರೇ ಹೇಳಿದ್ದಾರೆ. ಎರ್ಟೆಗನ್ ದಂಪತಿಗೆ ಮಕ್ಕಳೇ ಇರಲಿಲ್ಲವಾದ್ದರಿಂದ ಕಥೆಯ ಆ ಹುಡುಗಿ ಯಾರ ಮನೆಯವಳೋ ದೇವರೇ ಬಲ್ಲ. ಹುಡುಗಿಯ ವಿಷಯ ಏನೇ ಇರಲಿ, ಆಮೇಲಿನ ಕಟ್‌ಗಳು ತಗ್ಗಿದ್ದಂತೂ ಕಿವಿಗೆ ಕೇಳುವ ಸಂಗತಿ. ಲಂಡನ್ನಿನಲ್ಲಿಯೂ ಹೀಗೆಯೇ ಆಗಿತ್ತು: ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಆಲ್ಬಮ್ಮಿನ ಮೊದಲ ಮೊನೊ ಕಟ್ ಅತಿ ಜೋರಾಯಿತೆಂದು ಬೇಗನೆ ಬದಲಿಸಲ್ಪಟ್ಟು, ಈಗ ‘ಲೌಡ್ ಕಟ್’ ಎಂಬ ಹೆಸರಿನಲ್ಲಿ ದುಬಾರಿಯಾಗಿದೆ.

ಗುರುತಿಸುವ ವಿಷಯಕ್ಕೆ ಬರುತ್ತೇನೆ. ಲೇಬಲ್ಲಿನ ಕೆಳಗಂಚಿನಲ್ಲಿ 1841 ಬ್ರಾಡ್‌ವೇ ಎಂಬ ಹಳೆಯ ವಿಳಾಸವಿದ್ದ ಮಾತ್ರಕ್ಕೆ ಪ್ರತಿ ಆರ್‌ಎಲ್ ಆಗುವುದಿಲ್ಲ. ತಗ್ಗಿಸಿದ ಕಟ್‌ಗಳೂ ಅದೇ ಲೇಬಲ್ಲಿನಲ್ಲಿ ಬಂದಿವೆ. ಮೊದಲ ಬದಿಯಲ್ಲಿ 691671, ಎರಡನೆಯದರಲ್ಲಿ 691672 ಎಂಬ ಅಂಕೆಗಳಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಮೊದಲು ಹುಡುಕಿಕೊಂಡು, ಆಮೇಲೆ ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತ ಇಡೀ ಸುತ್ತನ್ನು ನೋಡಬೇಕು. ಬೆಳಕು ಮೇಲಿನಿಂದ ನೇರವಾಗಿ ಬಿದ್ದರೆ ಏನೂ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ತಟ್ಟೆಯ ಅಂಚಿನ ಮಟ್ಟಕ್ಕೆ ತಂದು ಓರೆಯಾಗಿ ಹಿಡಿದರೆ, ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯ ಕೆಳಗೆ ಗೀಚಿನ ಒಂದು ಮಗ್ಗುಲು ಹೊಳೆದು ಇನ್ನೊಂದು ಕಪ್ಪಾಗಿ, ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ನನ್ನ ಪ್ರತಿಯಲ್ಲಿ ಲುಡ್‌ವಿಗ್ ಅವರ ಬರಹ ಎಷ್ಟು ತೆಳುವೆಂದರೆ ಮೊದಲ ಸಲ ಅದನ್ನು ಕೂದಲೆಂದು ಭಾವಿಸಿ ಬಟ್ಟೆಯಿಂದ ಒರೆಸಿದ್ದೆ. ಪಕ್ಕದಲ್ಲಿಯೇ ಇರುವ ‘ಎಸ್‌ಎಸ್’ ಎಂಬುದು ಸ್ಟರ್ಲಿಂಗ್ ಸೌಂಡ್‌ನ ಗುರುತು.

ಪಟ್ಟಿಯಲ್ಲಿ ಬೇರೆ ಅಕ್ಷರಗಳೂ ಇರಬಹುದು, ಮತ್ತು ಎಲ್ಲ ಅಕ್ಷರಗಳೂ ಎಂಜಿನಿಯರಿನವಲ್ಲ. ಅಟ್ಲಾಂಟಿಕ್ ತಟ್ಟೆಗಳಲ್ಲಿ ಕಾಣುವ ‘ಎಟಿ/ಜಿಪಿ’ ಎಂಬುದು ಆ ಸಂಸ್ಥೆಯ ಸ್ವಂತ ಸ್ಟುಡಿಯೋದಲ್ಲಿ ಜಾರ್ಜ್ ಪಿರೋಸ್ ಮಾಡಿದ ಕಟ್ಟನ್ನು ಸೂಚಿಸಿದರೆ, ‘ಪಿಆರ್’ ಎಂಬುದು ಪ್ರೆಸ್‌ವೆಲ್ ಎಂಬ ಒತ್ತುವ ಕಾರ್ಖಾನೆಯ ಗುರುತು. ಬ್ಲೂ ನೋಟ್ ಜಾಝ್ ತಟ್ಟೆಗಳಲ್ಲಿ ‘ಆರ್‌ವಿಜಿ’ ಎಂದರೆ ರೂಡಿ ವ್ಯಾನ್ ಗೆಲ್ಡರ್ ಕಟ್ ಮಾಡಿದ್ದು. ಅದರ ಜೊತೆಗೆ ಕಿವಿಯಾಕಾರದ ಗೀಚೊಂದಿದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯದು, ಅಂದರೆ ಒತ್ತಿದ್ದು 1966ರ ಸುಮಾರಿಗೆ ಅಥವಾ ಅದಕ್ಕೂ ಮುಂಚೆ. ಬ್ರಿಟನ್ನಿನ ಜಾರ್ಜ್ ಪೆಕಮ್ ತಮ್ಮ ಅಡ್ಡಹೆಸರಿನಿಂದ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ಇಡೀ ವಾಕ್ಯವನ್ನೇ ಬರೆಯುತ್ತಿದ್ದರು. ಲಂಡನ್ನಿನಲ್ಲಿ ಒತ್ತಿದ ತಟ್ಟೆಯೊಂದರಲ್ಲಿ ‘ಅರುಣ್’ ಎಂಬ ಹೆಸರು ಕಂಡು ನಾನು ಬೆರಗಾದದ್ದುಂಟು. ಅದು ಅಲ್ಲಿ ಕಟಿಂಗ್ ಕೆಲಸದಲ್ಲಿದ್ದ ಅರುಣ್ ಚಕ್ರವರ್ತಿಯವರ ರುಜು. ಸೋಮನಾಥಪುರದ ದೇವಾಲಯದ ಭಿತ್ತಿಯಲ್ಲಿ ವಿಗ್ರಹಗಳ ಪೀಠದ ಕೆಳಗೆ ರೂವಾರಿ ಮಲ್ಲಿತಮ್ಮನ ಹೆಸರನ್ನು ಹುಡುಕುತ್ತ ಬಗ್ಗಿ ನಡೆದವರಿಗೆ ಈ ಹುಚ್ಚನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೋಸಹೋದ ಪ್ರಸಂಗವನ್ನು ಹೇಳಲೇಬೇಕು, ಏಕೆಂದರೆ ಕೊಳ್ಳುವವರು ಎಡವುವುದು ಅಲ್ಲಿಯೇ. ಅಂಚೆಯಲ್ಲಿ ತರಿಸಿದ ನನ್ನ ಮೊದಲ ಪ್ರತಿಗೆ ಮಾರಾಟಗಾರರು ‘ಆರ್‌ಎಲ್’ ಎಂದಷ್ಟೇ ಬರೆದು, ಒಂದೇ ಒಂದು ಚಿತ್ರ ಹಾಕಿದ್ದರು. ಬಂದ ಮೇಲೆ ನೋಡಿದರೆ ಮೊದಲ ಬದಿ ಲುಡ್‌ವಿಗ್ ಅವರದು, ಎರಡನೆಯ ಬದಿ ಬೇರೊಬ್ಬರದು. ಪ್ರತಿ ಬದಿಗೂ ಲ್ಯಾಕರ್ ಬೇರೆ, ಸ್ಟ್ಯಾಂಪರ್ ಬೇರೆ; ಕಾರ್ಖಾನೆಯಲ್ಲಿ ಒಂದು ಬದಿಯ ಸ್ಟ್ಯಾಂಪರ್ ಸವೆದರೆ ಅದನ್ನಷ್ಟೇ ಬದಲಿಸಿ ಕೆಲಸ ಮುಂದುವರಿಸುವುದು ವಾಡಿಕೆಯಾದ್ದರಿಂದ ಇಂತಹ ಮಿಶ್ರ ಪ್ರತಿಗಳು ಸಹಜವಾಗಿಯೇ ಹುಟ್ಟುತ್ತವೆ. ಮಾರಿದವರನ್ನು ಕೇಳಿದರೆ, ಎರಡೂ ಬದಿ ಎಂದು ನಾನೆಲ್ಲಿ ಬರೆದಿದ್ದೆ ಎಂಬ ಉತ್ತರ ಬಂತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸಿತು. ಎರಡೂ ಬದಿಯ ಕೆತ್ತನೆಯ ಸ್ಪಷ್ಟ ಚಿತ್ರ ಕಳಿಸದವರಿಂದ ಈ ತಟ್ಟೆಯನ್ನು ಕೊಳ್ಳಬೇಡಿ.

ಎರಡನೆಯ ಪ್ರತಿಯನ್ನು ಹಳೆಯ ಎಲ್‌ಪಿಗಳ ಒಂದು ಮೇಳದಲ್ಲಿ ಕೈಯಲ್ಲಿ ಹಿಡಿದು, ಎರಡೂ ಬದಿಗಳನ್ನು ಟಾರ್ಚಿನಲ್ಲಿ ನೋಡಿ, ಒಂದಿಷ್ಟು ಗೀರುಗಳಿದ್ದರೂ 180 ಡಾಲರಿಗೆ ಕೊಂಡೆ. ಮನೆಯಲ್ಲಿ ಅದನ್ನು ಎಪ್ಪತ್ತರ ದಶಕದ ಕೊನೆಯ ಒಂದು ಸಾಮಾನ್ಯ ಪ್ರತಿಯ ಜೊತೆ ಹೋಲಿಸಿ ಕೇಳಿದೆ. ಹೀಗೆ ಹೋಲಿಸುವಾಗ ಆರ್‌ಎಲ್ ಪ್ರತಿಗೆ ಆಂಪ್ಲಿಫೈಯರಿನ ವಾಲ್ಯೂಮನ್ನು ಇಳಿಸಿ ಎರಡನ್ನೂ ಸಮಕ್ಕೆ ತರುವುದು ಅಗತ್ಯ, ಇಲ್ಲವಾದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಸಮಕ್ಕೆ ತಂದ ಮೇಲೂ ಅಂತರ ಉಳಿಯಿತು. ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ಗಿಟಾರಿನ ಹಿಂದೆ ಬಾನ್‌ಹಮ್ ಅವರ ಡ್ರಮ್ಮು ಸೇರಿಕೊಳ್ಳುವ ಕ್ಷಣದಲ್ಲಿ ಸಾಮಾನ್ಯ ಪ್ರತಿಯಲ್ಲಿ ಡ್ರಮ್ಮಿಗೆ ಜಾಗ ಮಾಡಿಕೊಡಲು ಗಿಟಾರು ಒಂದು ಹೆಜ್ಜೆ ಹಿಂದೆ ಸರಿದಂತೆ ಕೇಳುತ್ತದೆ. ಆರ್‌ಎಲ್‌ನಲ್ಲಿ ಯಾರೂ ಸರಿಯುವುದಿಲ್ಲ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿಯೇ ನಿಂತು ಬಾರಿಸುತ್ತಾರೆ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು ಮೊದಲು ಮರದ ಮೇಲೆ ಬಿದ್ದು ಆಮೇಲೆ ಗಾಳಿಯಾಗಿ ನೆಲಕ್ಕೆ ಇಳಿಯುತ್ತದೆ. ಹಾಡಿನ ಕೊನೆಯ ಭಾಗದಲ್ಲಿ ರಾಬರ್ಟ್ ಪ್ಲಾಂಟ್ ಅವರ ದನಿ ಬರುವುದಕ್ಕೆ ಮುಂಚೆಯೇ ಅದರ ನೆರಳೊಂದು ಸಣ್ಣಗೆ ಕೇಳುವುದನ್ನು ಬಲ್ಲವರು ಬಲ್ಲರು. ಟೇಪಿನಲ್ಲಿಯೇ ಉಳಿದುಕೊಂಡ ಆ ನೆರಳನ್ನು ಅಳಿಸಲಾಗದೆ ಕ್ರೇಮರ್ ಅದಕ್ಕೆ ಪ್ರತಿಧ್ವನಿ ಸೇರಿಸಿ ಹಾಗೆಯೇ ಬಿಟ್ಟರು. ಇಲ್ಲಿ ಅದು ನೆರಳಲ್ಲ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ನಿಂತು ಹಾಡಿದಂತಿದೆ.

ದೋಷಗಳಿಲ್ಲವೆಂದಲ್ಲ. ಮೊದಲ ಬದಿಯ ಕೊನೆಯ ಹಾಡು ‘ಥ್ಯಾಂಕ್ ಯೂ’ ಲೇಬಲ್ಲಿಗೆ ಹತ್ತಿರದ ಬಿಗಿ ಸುತ್ತುಗಳಲ್ಲಿರುವುದರಿಂದ ನನ್ನ ಪ್ರತಿಯಲ್ಲಿ ‘ಸ’ಕಾರಗಳು ಸೀಳುತ್ತವೆ, ಮತ್ತು ಇದಕ್ಕೆ ಕಟ್ಟಿಗಿಂತ ಹೆಚ್ಚಾಗಿ ಮೊದಲ ಒಡೆಯನ ಸವೆದ ಮುಳ್ಳೇ ಕಾರಣವಿರಬೇಕು. ಕೆತ್ತನೆಯ ದೊಡ್ಡ ಮಿತಿಯೂ ಇದೇ. ಲ್ಯಾಕರಿನ ಮುಂದೆ ಯಾರು ಕುಳಿತಿದ್ದರು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಸ್ಟ್ಯಾಂಪರ್ ಎಷ್ಟು ಸವೆದಿತ್ತು, ಆಮೇಲೆ ಯಾವ ಹಾಸ್ಟೆಲ್ ಕೋಣೆಯಲ್ಲಿ ಎಷ್ಟು ಭಾರದ ಟೋನ್‌ಆರ್ಮ್ ಅದರ ಮೇಲೆ ಓಡಿತು ಎಂಬುದನ್ನು ಹೇಳುವುದಿಲ್ಲ. ಜೋರಾಗಿ ಕೊರೆದ ಗೆರೆ ಕಳಪೆ ಮುಳ್ಳಿಗೆ ಬೇಗನೆ ಬಲಿಯಾಗುವುದರಿಂದ ಹಾಳಾದ ಆರ್‌ಎಲ್ ಪ್ರತಿಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಅಂಥದ್ದನ್ನು ಇನ್ನೂರು ಡಾಲರಿಗೆ ಕೊಳ್ಳುವುದಕ್ಕಿಂತ ಜಿಮ್ಮಿ ಪೇಜ್ ಮೇಲ್ವಿಚಾರಣೆಯಲ್ಲಿ ಜಾನ್ ಡೇವಿಸ್ ಮಾಸ್ಟರಿಂಗ್ ಮಾಡಿದ 2014ರ ಮರುಮುದ್ರಣವನ್ನು ಕೊಳ್ಳುವುದು ಲೇಸು. ಅದರಲ್ಲಿ ಈ ಕೆಚ್ಚು ಸಿಗದು, ಆದರೆ ಚಟಪಟ ಸದ್ದಿಲ್ಲದೆ ಹಾಡು ಸಿಗುತ್ತದೆ. ಎರಡೂ ಬದಿ ಆರ್‌ಎಲ್ ಇದ್ದು, ಕೇಳಿ ನೋಡಲು ಅಂಗಡಿಯವರು ಅವಕಾಶ ಕೊಟ್ಟು, ಸೀಳು ಇಲ್ಲವೆಂದು ಖಾತ್ರಿಯಾದರೆ ಮಾತ್ರ ಇನ್ನೂರೈವತ್ತರವರೆಗೆ ಕೊಡಬಹುದೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮೇಲೆ ಕೊಡುವ ಹಣ ಕೆತ್ತನೆಯ ಲೆಕ್ಕಕ್ಕೆ ಹೋಗುತ್ತದೆ, ಕಿವಿಗಲ್ಲ.

ಮೊದಲು ಕೊಂಡ ಅರೆ ಪ್ರತಿಯನ್ನು ನಾನು ಹಿಂದಿರುಗಿಸಲಿಲ್ಲ. ಅದರ ಮೊದಲ ಬದಿ, ‘ಥ್ಯಾಂಕ್ ಯೂ’ ಹಾಡೂ ಸೇರಿ, 180 ಡಾಲರಿನ ಪ್ರತಿಗಿಂತ ಶುಚಿಯಾಗಿದೆ. ಹಾಗಾಗಿ ಆಲ್ಬಮ್ ಕೇಳುವಾಗ ಒಂದನೆಯ ಬದಿಯನ್ನು ಆ ತಟ್ಟೆಯಲ್ಲಿ ಕೇಳಿ, ಎದ್ದು ಹೋಗಿ, ಎರಡನೆಯ ಬದಿಗೆ ಇನ್ನೊಂದು ತಟ್ಟೆಯನ್ನು ಹಾಕುತ್ತೇನೆ.