ಗೇರ್ ಆಯಿಲ್, ಹೌಸಿಂಗ್ ಆಯಿಲ್ ಬದಲಾವಣೆ: ವಿಜಯಪುರದ ಒಂದು ಗ್ಯಾರೇಜಿನ ಕೆಲಸ

ವಿಜಯಪುರದ ಅಥಣಿ ರಸ್ತೆಯ ಬದಿಗಿರುವ ಸಣ್ಣ ಗ್ಯಾರೇಜೊಂದರಲ್ಲಿ ಕಳೆದ ವಾರ ನನ್ನ ಪಿಕಪ್ ಗಾಡಿಯ ಗೇರ್ ಆಯಿಲ್ ಮತ್ತು ಹಿಂದಿನ ಹೌಸಿಂಗ್ ಆಯಿಲ್, ಅಂದರೆ ಎರಡು ಹಿಂಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಶಿಯಲ್ಲಿನ ಎಣ್ಣೆ, ಎರಡನ್ನೂ ಬದಲಾಯಿಸಿಕೊಂಡೆ. ಆಯಿಲ್ ಮತ್ತು ಮಜೂರಿ ಸೇರಿ 2,300 ರೂಪಾಯಿ ಆಯಿತು. ಮುಂಜಾನೆ ಹತ್ತಕ್ಕೆ ಬಿಟ್ಟ ಗಾಡಿ ಹನ್ನೆರಡೂವರೆಗೆ ಕೈಗೆ ಬಂತು.

ಇದಕ್ಕೂ ಮೊದಲು ನಾಲ್ಕು ವರ್ಷ ಬೇರೊಂದು ಗ್ಯಾರೇಜಿಗೆ ಹೋಗುತ್ತಿದ್ದೆ. ಗೇರ್ ಆಯಿಲ್ ಮಾತೆತ್ತಿದಾಗಲೆಲ್ಲ ಅಲ್ಲಿ ಸಿಗುತ್ತಿದ್ದ ಉತ್ತರ ಒಂದೇ: “ಅದು ಸುಡಂಗಿಲ್ರಿ, ಕಡಿಮಿ ಆದ್ರ ಮ್ಯಾಲ ಒಂದೀಟು ಹಾಕೂಣು.” ಈ ಮಾತು ಅರ್ಧ ನಿಜ. ಗೇರ್ ಬಾಕ್ಸಿನಲ್ಲಿ ಇಂಧನ ಉರಿಯುವುದಿಲ್ಲವಾದ್ದರಿಂದ ಅಲ್ಲಿಯ ಎಣ್ಣೆ ಮಸಿ ಸೇರಿ ಎಂಜಿನ್ ಆಯಿಲಿನಷ್ಟು ಬೇಗ ಕೆಡುವುದಿಲ್ಲ. ಆದರೆ ಹಲ್ಲಿಗೆ ಹಲ್ಲು ಉಜ್ಜಿ ಉದುರುವ ಲೋಹದ ಪುಡಿಯನ್ನು ಸೋಸುವುದಕ್ಕೆ ನನ್ನ ಗಾಡಿಯಂಥವುಗಳ ಗೇರ್ ಬಾಕ್ಸಿನಲ್ಲಿ ಫಿಲ್ಟರ್ ಇರುವುದಿಲ್ಲ. ಮೇಲೆ ಎಷ್ಟು ಹೊಸ ಎಣ್ಣೆ ಹಾಕಿದರೂ ಆ ಪುಡಿ ಒಳಗೇ ಸುತ್ತುತ್ತಿರುತ್ತದೆ. ಎಷ್ಟು ಓಡಿದ ಮೇಲೆ ಎಣ್ಣೆ ಬದಲಿಸಬೇಕೆಂಬುದಕ್ಕೆ ಗಾಡಿಯ ಕೈಪಿಡಿಯಲ್ಲಿ ಎರಡು ಲೆಕ್ಕಗಳಿವೆ: ಸಾಧಾರಣ ಓಡಾಟಕ್ಕೆ ಒಂದು, ಹೇರು, ಧೂಳು, ಬಿಸಿಲಿನ ಓಡಾಟಕ್ಕೆ ಇನ್ನೊಂದು. ತಿಕೋಟಾ ಕಡೆಯ ಒಣದ್ರಾಕ್ಷಿಯನ್ನು ಹೇರಿಕೊಂಡು ಮಹಾರಾಷ್ಟ್ರದ ತಾಸಗಾಂವ ಮಾರುಕಟ್ಟೆಗೆ ಹೋಗಿಬರುವ ಗಾಡಿಗೆ ಎರಡನೆಯ ಲೆಕ್ಕವೇ ಅನ್ವಯಿಸುತ್ತದೆ ಎಂಬುದನ್ನು ನಾನು ತಡವಾಗಿ ಒಪ್ಪಿಕೊಂಡೆ.

ಇಲ್ಲಿಯ ಮಿಸ್ತ್ರಿ ಮೊದಲು ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಲಿಲ್ಲ, ಎಣ್ಣೆ ತುಂಬುವ ಮೇಲಿನ ಬೋಲ್ಟನ್ನು ಸಡಿಲಿಸಿ ನೋಡಿದರು. ಎಣ್ಣೆ ಇಳಿಸಿದ ಮೇಲೆ ಅದು ಜಾಮ್ ಆಗಿರುವುದು ತಿಳಿದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ನೀರಲ್ಲಿ ಕಲಸಿದ ವಿಭೂತಿಯಂಥ ಬೂದು ರಾಡಿ ಅಂಟಿತ್ತು. ಅವರು ಅದನ್ನು ಎರಡು ಬೆರಳ ನಡುವೆ ತಿಕ್ಕಿ, ನನ್ನ ಬೆರಳಿಗೂ ಹಚ್ಚಿ, “ಲೋಹದ ಚೂರು ಕೈಗೆ ಹತ್ತಲಿಲ್ಲ ನೋಡ್ರಿ, ಹತ್ತಿದ್ರ ಗೇರ್ ಬಾಕ್ಸ್ ಬಿಚ್ಚಬೇಕಾಗ್ತಿತ್ತು” ಎಂದರು. ಹೌಸಿಂಗಿನಿಂದ ಇಳಿದ ಎಣ್ಣೆಯ ಬಣ್ಣ ಮಾತ್ರ ಹಾಲು ಹೆಚ್ಚಾದ ಚಹಾದಂತಿತ್ತು, ಅಂದರೆ ನೀರು ಸೇರಿತ್ತು. ಹೋದ ಮಳೆಗಾಲದಲ್ಲಿ ಡೋಣಿ ನದಿ ಉಕ್ಕಿ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಗಾಡಿ ದಾಟಿಸಿದ್ದು ಆಗ ನೆನಪಾಯಿತು. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಬೇಕಾದ ಬ್ರೀದರ್ ಎರೆಮಣ್ಣಿನಿಂದ ಮುಚ್ಚಿಹೋಗಿದ್ದರೆ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ನನ್ನ ಗಾಡಿಯದು ಮುಚ್ಚಿಯೇ ಹೋಗಿತ್ತು. ಆ ನೀರು ಇನ್ನೊಂದು ವರ್ಷ ಒಳಗಿದ್ದಿದ್ದರೆ ಬೇರಿಂಗುಗಳು ತುಕ್ಕು ಹಿಡಿದು, ಖರ್ಚು ಹೌಸಿಂಗಿನ ಮುಖ್ಯ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ತನಕ ಹೋಗುತ್ತಿತ್ತು.

ಕೊರತೆಗಳೂ ಇವೆ. ಮಿಸ್ತ್ರಿ ಎರಡಕ್ಕೂ ಒಂದೇ ಡಬ್ಬಿಯ ಜಿಎಲ್-5 ಎಣ್ಣೆಯನ್ನು (ಜಿಎಲ್ ಅಂದರೆ ಗೇರ್ ಎಣ್ಣೆಯ ದರ್ಜೆಯ ಗುರುತು) ಹಾಕಲು ಹೊರಟಿದ್ದರು. ನನ್ನ ಕೈಪಿಡಿ ಹೌಸಿಂಗಿಗೆ ಜಿಎಲ್-5 ಕೇಳಿದರೂ ಗೇರ್ ಬಾಕ್ಸಿಗೆ ಜಿಎಲ್-4 ಕೇಳುತ್ತದೆ, ಏಕೆಂದರೆ ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕದ ಅಂಶ ಕೆಲವು ಎಣ್ಣೆಗಳಲ್ಲಿ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಲ್ಲದು. ಎರಡೂ ಡಬ್ಬಿಗಳ ಮೇಲೆ ಎಣ್ಣೆಯ ಮಂದತೆ ಹೇಳುವ 80ಡಬ್ಲ್ಯೂ-90 ಎಂದೇ ಬರೆದಿರುವುದರಿಂದ ಬರೀ ಆ ಅಂಕಿ ನೋಡಿದವರು ಮೋಸಹೋಗುತ್ತಾರೆ. ಪುಟ ತೋರಿಸಿದ ಮೇಲೆ ಅವರು ವಾದ ಮಾಡದೆ ಹುಡುಗನನ್ನು ಅಂಗಡಿಗೆ ಕಳಿಸಿ ಸರಿಯಾದದ್ದನ್ನು ತರಿಸಿದರು. ಕೈಪಿಡಿ ಒಯ್ಯದಿದ್ದರೆ ಏನಾಗುತ್ತಿತ್ತೋ! ಡ್ರೈನ್ ಬೋಲ್ಟಿಗೆ ಹಳೆಯ ವಾಷರನ್ನೇ ಹಾಕಿದ್ದರಿಂದ ಮರುದಿನ ಹನಿ ಜಿನುಗುತ್ತಿತ್ತು. ಹೋದ ಕೂಡಲೇ ಹೊಸದನ್ನು ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ.

ಮುಂಚಕ್ರ ಎಳೆಯುವ ಸಾಮಾನ್ಯ ಕಾರುಗಳಲ್ಲಿ ಡಿಫರೆನ್ಶಿಯಲ್ ಗೇರ್ ಬಾಕ್ಸಿನೊಳಗೇ ಇರುವುದರಿಂದ ಮ್ಯಾನುವಲ್ ಗೇರಿನವರಿಗೆ ಒಂದೇ ಎಣ್ಣೆಯ ಕೆಲಸ. ಅಂಥವರು ನಿಶ್ಚಿಂತೆಯಿಂದ ಇಲ್ಲಿಗೆ ಹೋಗಬಹುದು. ಆಟೋಮ್ಯಾಟಿಕ್ ಕಾರಿನವರು ಹೋಗುವುದು ಬೇಡ. ನಾನಿದ್ದಾಗಲೇ ಬಂದ ಅಂಥ ಕಾರೊಂದನ್ನು ಮಿಸ್ತ್ರಿ, ಅದರ ಎಣ್ಣೆಯೂ ಬೇರೆ, ಮಟ್ಟ ನೋಡುವ ರೀತಿಯೂ ಬೇರೆ ಎಂದು ಹೇಳಿ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿದರು. ಬಂದ ಗಿರಾಕಿಯನ್ನು ಹೀಗೆ ತಿರುಗಿಸಿ ಕಳಿಸುವವರು ಅಪರೂಪ.

ಈಗ ಮುಂಜಾನೆ ಎರಡನೆಯ ಗೇರು ಬಿಗಿಯಿಲ್ಲದೆ ಬೀಳುತ್ತಿದೆ. ಅರವತ್ತರ ವೇಗದಲ್ಲಿ ಹಿಂದಿನಿಂದ ಬರುತ್ತಿದ್ದ ಗುಂಯ್ ಸದ್ದು ಮಾತ್ರ ಹೋಗಿಲ್ಲ. ಸವೆದ ಹಲ್ಲಿನ ಸದ್ದು ಎಣ್ಣೆಯಿಂದ ಹೋಗುವುದಿಲ್ಲವೆಂದು ಮಿಸ್ತ್ರಿ ಕೆಲಸ ಹಿಡಿಯುವ ಮೊದಲೇ ಹೇಳಿದ್ದರು.