ಹುಳಿಪುಡಿಗೆ ಮಿಲ್ಲಾ, ಮಿಕ್ಸಿಯಾ? ನಮ್ಮ ಏರಿಯಾದ ಮಿಲ್ ಹೇಗಿದೆ ಅಂದರೆ

ಮನೆಯಲ್ಲೇ ಹುಳಿಪುಡಿ ಮಾಡಿಕೊಳ್ಳುವವರು ಈಗ ಮತ್ತೆ ಜಾಸ್ತಿಯಾಗಿದ್ದಾರೆ. 2024ರಲ್ಲಿ ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ನಮ್ಮ ದೇಶದ ಕೆಲವು ಮಸಾಲೆ ಪುಡಿಗಳನ್ನು ಅಂಗಡಿಯಿಂದ ವಾಪಸ್ ತೆಗೆಸಿದರಲ್ಲ, ಆಗಿಂದ ನನ್ನ ಪರಿಚಯದವರಲ್ಲೇ ಸುಮಾರು ಜನ ಕೇಳುತ್ತಿದ್ದಾರೆ: ಹುರಿಯೋದು ಗೊತ್ತು, ಪುಡಿ ಮಾಡಿಸೋದು ಎಲ್ಲಿ? ನಾನು ಕೊಡುವುದು ಮನೆ ಹತ್ತಿರದ ಹಿಟ್ಟಿನ ಮಿಲ್‌ಗೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರುತ್ತವಲ್ಲ, ಬೋರ್ಡಿನ ಅಕ್ಷರದ ಮೇಲೂ ಹಿಟ್ಟು ಕೂತಿರುವಂಥದ್ದು, ಅದೇ. ಮಿಕ್ಸಿಯಲ್ಲೂ ಮಾಡುತ್ತೇನೆ. ಎರಡಕ್ಕೂ ಅದರದರ ಜಾಗ ಇದೆ.

ಮೊದಲು ಮಿಲ್ ವಿಷಯ. ಇಲ್ಲಿ ರಾಗಿ, ಗೋಧಿಗೆ ಒಂದು ಮಿಷನ್, ಅಕ್ಕಿಗೆ ಇನ್ನೊಂದು, ಖಾರಕ್ಕೆ ಮೂಲೆಯಲ್ಲಿ ಬೇರೆಯದೇ ಒಂದು. ಯಾವ ಮಿಲ್‌ಗೆ ಹೋದರೂ ಮೊದಲು ಕೇಳಬೇಕಾದ್ದು ಇದನ್ನೇ. ಒಂದೇ ಮಿಷನ್ನಿನಲ್ಲಿ ಎಲ್ಲವನ್ನೂ ಮಾಡುವ ಕಡೆ ಕೊಟ್ಟರೆ ನಿಮ್ಮ ಹುಳಿಪುಡಿಗೇನೂ ಆಗುವುದಿಲ್ಲ ಅಂತಿಟ್ಟುಕೊಳ್ಳಿ, ಆದರೆ ನಿಮ್ಮ ಹಿಂದೆ ಮಗುವಿನ ರಾಗಿ ಸರಿ ಹಿಡಿದುಕೊಂಡು ನಿಂತಿರುವವರ ಗತಿ ಏನು?

ಖಾರದ ಮಿಷನ್ನಿನಲ್ಲೂ ಹಿಂದಿನವರ ಪುಡಿ ಒಳಗೆ ಒಂದಿಷ್ಟು ಉಳಿದೇ ಇರುತ್ತದೆ. ಅವರು ಬರೀ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಿಸಿದ್ದರೆ ತೊಂದರೆಯಿಲ್ಲ. ಗರಂ ಮಸಾಲೆ ಮಾಡಿಸಿದ್ದರೆ ನಿಮ್ಮ ಹುಳಿಯಲ್ಲಿ ಲವಂಗ ಇಣುಕುತ್ತದೆ. ಮಿಲ್‌ನವರು ಕೇಳಿದರೆ ಮರೆಮಾಚುವುದಿಲ್ಲ, "ಅಕ್ಕ, ಈಗಷ್ಟೇ ಧನಿಯಾ ಹಾಕಿದ್ದೆ, ಕೊಡಿ" ಅಂತಲೋ, "ಸ್ವಲ್ಪ ಕೂತ್ಕೊಳ್ಳಿ, ಇದಾದ ಮೇಲೆ ಒಬ್ಬರದು ಮೆಣಸಿನಕಾಯಿ ಇದೆ, ಆಮೇಲೆ ನಿಮ್ಮದು" ಅಂತಲೋ ಹೇಳುತ್ತಾರೆ. ಈ ಒಂದು ಗುಣಕ್ಕೇ ನಾನು ಬೇರೆ ಕಡೆ ಹೋಗುವುದಿಲ್ಲ. ಅರ್ಧ ಕೆಜಿಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲ. ಕೆಲವರು ಇದಕ್ಕೆ ಜಗಳ ಆಡುತ್ತಾರೆ, ಆದರೆ ಕಾಲು ಕೆಜಿ ಹಾಕಿದರೆ ಮಿಷನ್ ತಿಂದಿದ್ದೆಷ್ಟು, ನಿಮಗೆ ಬಂದಿದ್ದೆಷ್ಟು ನೀವೇ ಲೆಕ್ಕ ಹಾಕಿ.

ರೇಟು ಕೆಜಿಗೆ 60 ರೂಪಾಯಿ. ಜಾಸ್ತಿ ಅನ್ನಿಸಬಹುದು, ರಾಗಿ ಬೀಸಲು ಇಷ್ಟು ಕೊಡುವುದಿಲ್ಲ ಅಲ್ವಾ. ಆದರೆ ಆ ಘಾಟಿನಲ್ಲಿ ದಿನವಿಡೀ ನಿಲ್ಲುವವರನ್ನು ನೋಡಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ನಾನು ಒಯ್ಯುವ ಹುಳಿಪುಡಿಯ ಅಳತೆ ಕೇಳುವವರಿಗೆ: ಧನಿಯಾ ಅರ್ಧ ಕೆಜಿ, ಬ್ಯಾಡಗಿ ಕಾಲು ಕೆಜಿ, ಗುಂಟೂರು 100 ಗ್ರಾಂ, ಕಡಲೆಬೇಳೆ 100 ಗ್ರಾಂ, ಉದ್ದಿನಬೇಳೆ 50, ಜೀರಿಗೆ 50, ಮೆಂತ್ಯ, ಮೆಣಸು, ಸಾಸಿವೆ ಒಂದೊಂದು 25 ಗ್ರಾಂ. ಎರಡು ಅರಿಶಿನದ ಕೊಂಬು, ಎರಡು ಹಿಡಿ ಕರಿಬೇವು, ಗಟ್ಟಿ ಇಂಗು ಒಂದು ಚೂರು. ಚಕ್ಕೆ ನಾನು ಹಾಕುವುದಿಲ್ಲ, ಹಾಕುವವರು ಹಾಕಿ. ಖಾರ ಬೇಡ ಅನ್ನುವ ಮನೆಗಳಲ್ಲಿ ಗುಂಟೂರು ಬಿಟ್ಟೇಬಿಡಬಹುದು, ಬ್ಯಾಡಗಿಯನ್ನು ಮಾತ್ರ ಬಿಡಬೇಡಿ. ಬಣ್ಣ ಕೊಡುವುದು ಅದೇ. 2011ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದ್ದೇ ಅಂತ ಕೊಡುವ ಗುರುತು) ಬಂದಿರುವ ಮೆಣಸಿನಕಾಯಿ ಅದು, ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್, ನೈಲ್ ಪಾಲಿಶ್‌ಗೂ ಬಳಸುತ್ತಾರೆ. ಕೊಳ್ಳುವಾಗ ಸಿಪ್ಪೆ ನೋಡಿ. ಬ್ಯಾಡಗಿಯದು ಸುಕ್ಕುಸುಕ್ಕಾಗಿರುತ್ತದೆ, ಗುಂಟೂರಿನದು ನುಣುಪು. ಡಬ್ಬಿ ಅಂತ ಗಿಡ್ಡಗೆ ದಪ್ಪಗೆ ಇರುವ ಬ್ಯಾಡಗಿ ಸಿಕ್ಕರೆ ಘಮ ಇನ್ನೂ ಚೆನ್ನ, ಬೀಜ ಮಾತ್ರ ಜಾಸ್ತಿ. ಕಡ್ಡಿ ಅಂದರೆ ಉದ್ದಕ್ಕೆ ಸಣ್ಣಗೆ ಇರುವುದು.

ಹುರಿಯುವುದು ಮಾತ್ರ ನಮ್ಮ ಕೆಲಸ, ಮಿಲ್‌ನವರು ಅದಕ್ಕೆ ಜವಾಬ್ದಾರರಲ್ಲ. ಒಂದೊಂದನ್ನೂ ಬೇರೆಬೇರೆ ಹುರಿಯಬೇಕು, ಯಾಕೆಂದರೆ ಕಡಲೆಬೇಳೆ ಕೆಂಪಾಗುವ ಹೊತ್ತಿಗೆ ಮೆಂತ್ಯ ಕರಿಯಾಗಿ ಇಡೀ ಪುಡಿಗೆ ಕಹಿ ಹಿಡಿಸಿರುತ್ತದೆ. ಮೆಣಸಿನಕಾಯಿಗೆ ಒಂದೆರಡು ಹನಿ ಹರಳೆಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಅಷ್ಟೇ, ಬಣ್ಣ ತಿರುಗಬಾರದು. ಫ್ಲ್ಯಾಟ್‌ನಲ್ಲಿ ಇರುವವರು ಕಿಟಕಿ ತೆಗೆದು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಶುರು ಮಾಡಿ. ಎಲ್ಲಾ ಪೂರ್ತಿ ಆರಿದ ಮೇಲೇ ಮಿಲ್‌ಗೆ ಒಯ್ಯಬೇಕು. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿಕೊಂಡು ಹೋದರೆ ಮೆಣಸಿನಕಾಯಿ ಮೆತ್ತಗಾಗುತ್ತದೆ, ಅವರು ಮುಟ್ಟಿ ನೋಡಿ ವಾಪಸ್ ಕಳಿಸುತ್ತಾರೆ. ನನ್ನ ಕಣ್ಣೆದುರೇ ಒಬ್ಬರನ್ನು ಹಾಗೆ ಕಳಿಸಿದರು, ಆಯಮ್ಮ ಗೊಣಗಿಕೊಂಡು ಹೋದರು, ಆದರೆ ಮಿಲ್‌ನವರು ಮಾಡಿದ್ದು ಸರಿ. ಮೆತ್ತಗಿನ ಕಾಯಿ ಜಾಲರಿಗೆ ಮೆತ್ತಿಕೊಂಡರೆ ಬಿಚ್ಚಿ ತೊಳೆಯಬೇಕು.

ಮೇಲಿನ ಬಾಯಿಗೆ ಮೆಣಸಿನಕಾಯಿ ಮೊದಲು ಸುರಿಯುತ್ತಾರೆ, ಒಂದು ಮರದ ತುಂಡಿನಿಂದ ಪಕ್ಕಕ್ಕೆ ಟಕಟಕ ಬಡಿಯುತ್ತಾರೆ, ಕೆಳಗೆ ಕಟ್ಟಿರುವ ಉದ್ದನೆಯ ಬಟ್ಟೆ ಚೀಲ ಉಬ್ಬಿಕೊಳ್ಳುತ್ತದೆ. ಮೊದಲ ಸಲ ತರಿ. ಅದನ್ನೇ ಮತ್ತೆ ಧನಿಯಾ, ಬೇಳೆ ಜೊತೆ ಹಾಕುತ್ತಾರೆ. ಅರಿಶಿನದ ಕೊಂಬನ್ನು ಅಲ್ಲೇ ಕಲ್ಲಲ್ಲಿ ಜಜ್ಜಿ ಹಾಕುತ್ತಾರೆ, ಇದನ್ನು ಕೇಳಿ ಹೇಳಿ ಮಾಡಿಸಬೇಕಿಲ್ಲ. ಕೊನೆಗೆ ಚೀಲವನ್ನು ಕೊಡವಿ ಕೊಡವಿ ಅಂಚಿನಲ್ಲಿ ಅಂಟಿದ್ದನ್ನೂ ನಿಮ್ಮ ಡಬ್ಬಕ್ಕೇ ಹಾಕುತ್ತಾರೆ.

ಪುಡಿ ಬರುವುದು ಮಾತ್ರ ಬಿಸಿಬಿಸಿಯಾಗಿ. ಇದೇ ನನ್ನ ದೊಡ್ಡ ತಕರಾರು. ಮಿಲ್ ಮುಂದೆ ಬೀದಿಗೆಲ್ಲ ಘಮ್ಮಂತ ಬರುತ್ತದಲ್ಲ, ಅದು ನಾವು ಕಾಸು ಕೊಟ್ಟು ತಂದ ಧನಿಯಾ, ಜೀರಿಗೆಯದ್ದೇ. ಬಿಸಿಗೆ ಅದರ ಎಣ್ಣೆಯ ಅಂಶ ಗಾಳಿಗೆ ಹೋಗುತ್ತಿರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದು ಆಗಬಾರದು ಅಂತ ಲಿಕ್ವಿಡ್ ನೈಟ್ರೋಜನ್ ಬಿಟ್ಟು ತಣ್ಣಗಿಟ್ಟು ಪುಡಿ ಮಾಡುವ ವಿಧಾನ ಇದೆ, ಬೀದಿಯ ಮಿಲ್‌ನಲ್ಲಿ ಅದನ್ನು ಕೇಳಲಾಗುತ್ತದಾ.

ಮಿಕ್ಸಿಯಲ್ಲೂ ಬಿಸಿಯಾಗುತ್ತದೆ, ಆದರೆ ಅಲ್ಲಿ ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ, ಮುಚ್ಚಳ ತೆಗೆದು, ಅಲ್ಲಾಡಿಸಿ, ಮತ್ತೆ ಅರ್ಧ ನಿಮಿಷ. ಜಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಂದು ಕೆಜಿ ಹುಳಿಪುಡಿಯನ್ನು ಹೀಗೆ ಮಾಡಲು ಕೂತರೆ ಒಂದು ಬೆಳಗ್ಗೆ ಪೂರ್ತಿ ಹೋಗುತ್ತದೆ. ಜರಡಿ ಹಿಡಿದು, ಮೇಲೆ ನಿಂತ ಧನಿಯಾ ಹೊಟ್ಟನ್ನು ಮತ್ತೆ ಹಾಕಿ, ಮತ್ತೆ ಜರಡಿ ಹಿಡಿದು... ಯಾರಿಗೆ ಬೇಕು. ಮಿಕ್ಸಿ ಸುಸ್ತಾಗಿ ನಿಂತರೆ ತಳದಲ್ಲಿ ಇರುವ ಕೆಂಪು ಬಟನ್ ಒತ್ತುವ ಮುಂಚೆ ಸ್ವಲ್ಪ ಹೊತ್ತು ಆರಲು ಬಿಡಿ.

ಹಾಗಂತ ಸಾರಿನ ಪುಡಿಯನ್ನು ನಾನು ಮಿಲ್‌ಗೆ ಕೊಡುವುದೇ ಇಲ್ಲ. ಮಿಲ್‌ನಲ್ಲಿ ಅದು ಮೈದಾ ಥರ ನುಣ್ಣಗಾಗುತ್ತದೆ, ಸಾರು ತಿಳಿ ಬರುವುದಿಲ್ಲ, ಮಂದವಾಗಿ ಹುಳಿಯೋ ಸಾರೋ ಗೊತ್ತಾಗದ ಹಾಗೆ ಆಗುತ್ತದೆ. ಸಾರಿನ ಪುಡಿ ಸ್ವಲ್ಪ ತರಿತರಿ ಇರಬೇಕು, ಅದಕ್ಕೆ ಮಿಕ್ಸಿಯೇ ಸರಿ. ವಾಂಗಿಬಾತ್ ಪುಡಿ, ಬಿಸಿಬೇಳೆಬಾತ್ ಪುಡಿಯೂ ಅಷ್ಟೇ. ಅದಕ್ಕೆ ಕೊಬ್ಬರಿ, ಗಸಗಸೆ ಹಾಕುತ್ತೇವಲ್ಲ, ಎಣ್ಣೆ ಬಿಟ್ಟು ಮಿಷನ್ನಿಗೆ ಅಂಟುತ್ತದೆ, ಮಿಲ್‌ನವರೂ ಒಪ್ಪುವುದಿಲ್ಲ. ಕೊಬ್ಬರಿ ಇರುವ ಪುಡಿ ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಹಾಗಾಗಿ ಒಂದೆರಡು ಸಲಕ್ಕೆ ಆಗುವಷ್ಟು ಮಾಡಿದರೆ ಸಾಕು. ಮರಾಠಿ ಮೊಗ್ಗು ಮಾತ್ರ ಬಿಡಬೇಡಿ, ಅದಿಲ್ಲದ ವಾಂಗಿಬಾತ್ ಬರೀ ಬದನೆಕಾಯಿ ಚಿತ್ರಾನ್ನ.

ಹೋಗುವವರಿಗೆ ಒಂದೆರಡು ವಿಷಯ. ಬೆಳಗ್ಗೆ ಬೇಗ ಹೋಗಿ, ಮಿಷನ್ ಇನ್ನೂ ಕಾದಿರುವುದಿಲ್ಲ. ಯುಗಾದಿ, ಗೌರಿ ಹಬ್ಬದ ಹಿಂದಿನ ವಾರ ಹೋಗಲೇಬೇಡಿ, ಸಾಲು ಬೀದಿಗೆ ಬಂದಿರುತ್ತದೆ. ಸಂಜೆ ಹೊತ್ತು ಕರೆಂಟ್ ಹೋದರೆ ಅರ್ಧ ಪುಡಿ ಮಿಷನ್ ಒಳಗೇ ಇರುತ್ತದೆ, ನೀವು ಹೊರಗೆ ಸೀನಿಕೊಂಡು ನಿಂತಿರುತ್ತೀರಿ. ಬಿಲ್ ಕೊಡುವುದಿಲ್ಲ, ಫೋನ್‌ನಲ್ಲಿ ದುಡ್ಡು ಹಾಕಬಹುದು. ಕೂರಲು ಒಂದೇ ಸ್ಟೂಲು. ಮತ್ತೆ, ಡಬ್ಬ ದೊಡ್ಡದೇ ಒಯ್ಯಿರಿ, ಅವರು ಕೊಡುವ ಪ್ಲಾಸ್ಟಿಕ್ ಕವರ್ ಬೇಡ. ಬಿಸಿ ಪುಡಿ ಅದರಲ್ಲಿ ಬೆವೆತು ಗಂಟು ಕಟ್ಟುತ್ತದೆ. ಮನೆಗೆ ಬಂದ ಕೂಡಲೇ ಹಳೇ ಪಂಚೆಯ ಮೇಲೆ ಹರಡಿ, ಫ್ಯಾನ್ ಹಾಕದೆ ಆರಲು ಬಿಡಿ.