ಅನ್‌ಸಬ್‌ಸ್ಕ್ರೈಬ್ ಮಾಡೋ ಕಡೆ ಕಂಪ್ಲೀಟ್ ಕರೆದು ನಾನು ಪಟ್ಟ ಪಾಡು

ಆಂಗ್ಯುಲರಲ್ಲಿ (ವೆಬ್ ಆ್ಯಪ್ ಕಟ್ಟೋ ಫ್ರೇಮ್‌ವರ್ಕು) ಆರ್‌ಎಕ್ಸ್‌ಜೆಎಸ್ (ಬರ್ತಾ ಇರೋ ಡೇಟಾನ ಸ್ಟ್ರೀಮ್ ಥರ ನಿಭಾಯಿಸೋ ಲೈಬ್ರರಿ) ಬಳಸೋರು ಇದನ್ನ ಒಂದ್ಸಲ ಓದ್ಬಿಡಿ, ನಾನು ಮೂರು ದಿನ ತಲೆ ಚಚ್ಕೊಂಡಿದ್ದು ಸಾಕು.

ನಮ್ಮದೊಂದು ಆರ್ಡರ್ ಸ್ಕ್ರೀನ್ ಇದೆ. ಹೊಸ ಆರ್ಡರ್ ಬಂದ್ರೆ ಲಿಸ್ಟ್ ತಾನಾಗೇ ಅಪ್‌ಡೇಟ್ ಆಗ್ಬೇಕು, ಅದಕ್ಕೆ ರೂಟ್ ಸರ್ವಿಸಲ್ಲಿ (ಇಡೀ ಆ್ಯಪಿಗೆ ಒಂದೇ ಇರೋ ಸರ್ವಿಸು) ಒಂದು ಸಬ್ಜೆಕ್ಟ್ ಇಟ್ಟಿದ್ವಿ, ಅದರ ಮೇಲೆ ನೆಕ್ಸ್ಟ್ ಕರೆದ್ರೆ ಸಬ್‌ಸ್ಕ್ರೈಬ್ ಮಾಡಿದ ಎಲ್ಲರಿಗೂ ಸುದ್ದಿ ಹೋಗುತ್ತೆ. ಸ್ಕ್ರೀನ್ ಮುಚ್ಚಿದ್ಮೇಲೂ ಸಬ್‌ಸ್ಕ್ರಿಪ್ಷನ್ ಹಾಗೇ ಉಳ್ಕೊಂಡು ಮೆಮೊರಿ ಲೀಕ್ ಅಂತ ರಿವ್ಯೂನಲ್ಲಿ ಬೈಸ್ಕೊಂಡ್ಮೇಲೆ ನಾನೇನ್ ಮಾಡ್ದೆ, ಕಾಂಪೊನೆಂಟಿನ (ಆ ಸ್ಕ್ರೀನಿನ ಕೋಡು) ಎನ್‌ಜಿಆನ್‌ಡೆಸ್ಟ್ರಾಯ್ (ಅದು ಮುಚ್ಚುವಾಗ ಓಡೋ ಫಂಕ್ಷನ್) ಒಳಗೆ ಆ ಸರ್ವಿಸಿನ ಸಬ್ಜೆಕ್ಟ್ ಮೇಲೇನೇ ಕಂಪ್ಲೀಟ್ ಕರೆದ್ಬಿಟ್ಟೆ. ಲೀಕ್ ಹೋಯ್ತು, ಎಲ್ರೂ ಖುಷಿ.

ವಾರ ಕಳೆದ್ಮೇಲೆ ಗೋಡೌನ್ ಕಡೆಯಿಂದ ಫೋನು, "ಆರ್ಡರ್ ಬರ್ತಾನೇ ಇಲ್ಲ ಸಾರ್". ಸಪೋರ್ಟಿನವರು ರಿಫ್ರೆಶ್ ಮಾಡಿ ಅಂತಾರೆ, ಸರಿಹೋಗುತ್ತೆ, ಮಧ್ಯಾಹ್ನ ಮತ್ತೆ ಅದೇ ರಗಳೆ. ನಮ್ಮ ಟೆಸ್ಟಿಂಗಲ್ಲಿ ಸಿಗ್ಲೇ ಇಲ್ಲ, ಯಾಕಂದ್ರೆ ನಾವು ಐದು ನಿಮಿಷಕ್ಕೊಂದ್ಸಲ ಪೇಜ್ ರಿಲೋಡ್ ಮಾಡೋ ಜನ, ಅವರು ಬೆಳಗ್ಗೆ ತೆಗೆದ ಟ್ಯಾಬನ್ನ ಸಂಜೆವರೆಗೂ ಮುಚ್ಚಲ್ಲ. ಕನ್ಸೋಲಲ್ಲಿ ಒಂದೇ ಒಂದು ಕೆಂಪು ಗೆರೆ ಇಲ್ಲ.

ಆಗಿದ್ದಿಷ್ಟು. ಅನ್‌ಸಬ್‌ಸ್ಕ್ರೈಬ್ ಅಂದ್ರೆ ನಾನೊಬ್ಬ ಕೇಳೋದು ನಿಲ್ಲಿಸ್ತೀನಿ ಅಂತ. ಕಂಪ್ಲೀಟ್ ಅಂದ್ರೆ ಸ್ಟ್ರೀಮೇ ಮುಗೀತು, ಎಲ್ಲರಿಗೂ. ನಮ್ಮನೆ ನಲ್ಲಿ ನಿಲ್ಲಿಸೋಕೆ ಹೋಗಿ ಬೀದಿ ವಾಲ್ವೇ ತಿರುಗಿಸಿ ಬಂದಂಗೆ. ಅದೂ ವಾಪಸ್ ತಿರುಗದ ವಾಲ್ವು: ಕಂಪ್ಲೀಟ್ ಆದ ಸಬ್ಜೆಕ್ಟಿಗೆ ನೆಕ್ಸ್ಟ್ ಕರೆದ್ರೆ ಎರರ್ ಬರಲ್ಲ, ಸುಮ್ನೆ ನುಂಗಿಕೊಳ್ಳುತ್ತೆ. ಹೊಸದಾಗಿ ಸಬ್‌ಸ್ಕ್ರೈಬ್ ಮಾಡಿದವರಿಗೆ ತಕ್ಷಣ ಕಂಪ್ಲೀಟ್ ಅಂತ ಬರುತ್ತೆ ಅಷ್ಟೇ, ಅದನ್ನ ಹ್ಯಾಂಡಲ್ ಮಾಡೋರು ಯಾರಿದಾರೆ ಹೇಳಿ. ಬೇರೆ ಪೇಜಿಗೆ ಹೋಗಿ ಬಂದ್ರೆ ಕಾಂಪೊನೆಂಟ್ ಹೊಸದು, ಆದ್ರೆ ರೂಟ್ ಸರ್ವಿಸ್ ಟ್ಯಾಬ್ ಇರೋವರೆಗೂ ಅದೇ ಹಳೇದು.

ಇದರ ಉಲ್ಟಾನೂ ತಿಂದಿದೀನಿ. ಲೋಡರ್ ನಿಲ್ಲಿಸೋ ಕೋಡನ್ನ ಕಂಪ್ಲೀಟ್ ಕಾಲ್‌ಬ್ಯಾಕಲ್ಲಿ ಬರೆದಿದ್ದೆ, ಯೂಸರ್ ಕ್ಯಾನ್ಸಲ್ ಒತ್ತಿದ್ರೆ ಅನ್‌ಸಬ್‌ಸ್ಕ್ರೈಬ್ ಆಗುತ್ತೆ, ರಿಕ್ವೆಸ್ಟ್ ನಿಂತೋಗುತ್ತೆ, ಲೋಡರ್ ಮಾತ್ರ ಗಿರಗಿರ ತಿರುಗ್ತಾನೇ ಇರುತ್ತೆ, ಅನ್‌ಸಬ್‌ಸ್ಕ್ರೈಬ್ ಮಾಡಿದ್ರೆ ಕಂಪ್ಲೀಟ್ ಕಾಲ್‌ಬ್ಯಾಕ್ ಓಡೋದೇ ಇಲ್ಲ ಕಣ್ರೀ. ಅಲ್ಲಿ ಫೈನಲೈಸ್ ಹಾಕಿ, ಮುಗಿದ್ರೂ ಎರರ್ ಆದ್ರೂ ಬಿಟ್ಟುಹೋದ್ರೂ ಅದು ಓಡುತ್ತೆ.

ಟೇಕ್‌ಅಂಟಿಲ್ (ಇನ್ನೊಂದು ಸ್ಟ್ರೀಮ್ ಸಿಗ್ನಲ್ ಕೊಟ್ಟ ತಕ್ಷಣ ನಿಲ್ಲಿಸೋ ಆಪರೇಟರ್) ಬಳಸೋರಿಗೂ ಒಂದು ಮಾತು. ಆ ಸಿಗ್ನಲ್ ಕೊಡೋಕೆ ಇಟ್ಟ ಡೆಸ್ಟ್ರಾಯ್ ಸಬ್ಜೆಕ್ಟಿಗೆ ಬರೀ ಕಂಪ್ಲೀಟ್ ಕರೆದ್ರೆ ಏನೂ ನಿಲ್ಲಲ್ಲ, ನೆಕ್ಸ್ಟ್ ಕರೀಲೇಬೇಕು. ಆಂಗ್ಯುಲರ್ 16ರಿಂದ ಟೇಕ್‌ಅಂಟಿಲ್‌ಡೆಸ್ಟ್ರಾಯ್ಡ್ ಬಂದಿದೆ, ಅದಾದ್ರೆ ಕಾಂಪೊನೆಂಟ್ ಮುಚ್ಚಿದಾಗ ತಾನೇ ನಿಲ್ಲಿಸುತ್ತೆ, ಈ ತಲೆನೋವಿಲ್ಲ, ಆದ್ರೆ ಎನ್‌ಜಿಆನ್‌ಇನಿಟ್ (ಕಾಂಪೊನೆಂಟ್ ಶುರುವಾಗುವಾಗ ಓಡೋ ಫಂಕ್ಷನ್) ಒಳಗೆ ಬಳಸೋದಾದ್ರೆ ಡೆಸ್ಟ್ರಾಯ್‌ರೆಫ್ (ಕಾಂಪೊನೆಂಟ್ ಯಾವಾಗ ಮುಚ್ಚುತ್ತೆ ಅಂತ ತಿಳಿಸೋದು) ಕೊಡ್ಬೇಕು, ಇಲ್ಲಾಂದ್ರೆ ಎರರ್. ಪರ್ವಾಗಿಲ್ಲ, ಇದಾದ್ರೂ ಬಾಯಿಬಿಟ್ಟು ಹೇಳುತ್ತೆ.

ಈಗ ನಾವು ಸರ್ವಿಸಲ್ಲಿ ಸಬ್ಜೆಕ್ಟನ್ನ ಪ್ರೈವೇಟ್ ಮಾಡಿ ಹೊರಗಡೆಗೆ ಆಸ್‌ಅಬ್ಸರ್ವಬಲ್ (ಬರೀ ಕೇಳೋಕೆ ಆಗೋ ರೂಪ) ಮಾತ್ರ ಕೊಡ್ತೀವಿ, ಅದರ ಮೇಲೆ ಕಂಪ್ಲೀಟ್ ಅಂತ ಟೈಪ್ ಮಾಡಿದ್ರೆ ಕೋಡ್ ಕಂಪೈಲೇ ಆಗಲ್ಲ.